ನಿಷ್ಪಕ್ಷ ಮುಕ್ತ ತಂತ್ರಾಂಶ: ಗಡಿತಾಲ್ಲೂಕುಗಳ ದೃಷ್ಟಿಯಿಂದ ಒಂದು ವಿಮರ್ಶೆ

ಪರಸ್ಪರ ಸ್ಪರ್ಧಿಸುವ ತಂತ್ರಾಂಶಕಾರರ ಬಳಗಗಳು ಸಮಾನವಾಗಿ ಬಳಸಬಹುದಾದ, ಯಾವೊಂದು ಬಳಗದ ಸ್ವತ್ತೂ ಅಲ್ಲದ ಮುಕ್ತ ಕಾರ್ಯವೊಂದನ್ನು ಆರಂಭಿಸುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಇತಿಹಾಸದ ವಿಷಯವೆನಿಸದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಾಗದಪತ್ರಗಳನ್ನು ಅಭ್ಯಸಿಸುವವರಿಗೆ ಇದು ದೂರದ ಪ್ರಶ್ನೆಯಲ್ಲ. ಈ ಪ್ರದೇಶದಲ್ಲಿ ಒಂದೇ ಮನೆತನದ ಪತ್ರಗಳು ಕನ್ನಡ, ದೇವನಾಗರಿ, ಮೋಡಿ ಎಂಬ ಮೂರು ಲಿಪಿಗಳಲ್ಲಿ ದೊರೆಯಬಹುದು. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಚಿಕ್ಕೋಡಿ, ಅಥಣಿಗಳಾದರೋ ಬ್ರಿಟಿಷರ ಆಳಿಕೆಯ ಬೆಳಗಾವಿ ಜಿಲ್ಲೆಯವು. 1956ರಲ್ಲಿ ಇವೆಲ್ಲವೂ ಮೈಸೂರು ರಾಜ್ಯಕ್ಕೆ ಬಂದುವು. ಹೀಗಿರುವಲ್ಲಿ, ಈ ಸಾಮಗ್ರಿಯನ್ನು ಗಣಕಯಂತ್ರಕ್ಕೆ ಏರಿಸುವಾಗ ಯಾರ ಉಪಕರಣವನ್ನು ನೆಚ್ಚಬೇಕೆಂಬುದು ನಮ್ಮ ಸಂಶೋಧನೆಯ ಆಯುಸ್ಸಿಗೇ ಸಂಬಂಧಿಸಿದ ಮಾತಾಗಿದೆ.

ನಿಷ್ಪಕ್ಷತೆಯ ವಿಚಾರವಾಗಿ ಸಾಮಾನ್ಯವಾಗಿ ಪ್ರಚಲಿತವಾಗಿರುವ ಅಭಿಪ್ರಾಯವೊಂದುಂಟು. ಎಲ್ಲ ಪಕ್ಷಗಳನ್ನೂ ಕರೆದು, ಯಾರಿಗೂ ನೋಯದ ಹೆಸರೊಂದನ್ನಿಟ್ಟು, ಸಮಿತಿಯೊಂದನ್ನು ರಚಿಸಿದರೆ ಕಾರ್ಯವು ನಿಷ್ಪಕ್ಷವಾಗುವುದೆಂದು ಅನೇಕರು ಭಾವಿಸುವರು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ನಿಷ್ಪಕ್ಷತೆಯು ಹೆಸರಿನಲ್ಲಿಯೂ ಇಲ್ಲ, ಸಮಿತಿಯಲ್ಲಿಯೂ ಇಲ್ಲ. ಆ ಕಾರ್ಯವು ಯಾವುದನ್ನು ಅವಲಂಬಿಸಿದೆ, ಒಪ್ಪದಿದ್ದವನು ತನ್ನ ಪಾಲನ್ನು ತೆಗೆದುಕೊಂಡು ಹೊರಡಬಲ್ಲನೇ ಎಂಬ ಎರಡು ಪ್ರಶ್ನೆಗಳಿಂದಲೇ ಅದನ್ನು ಅಳೆಯಬೇಕು.

ಇದಕ್ಕೆ ಹೊರನಾಡಿನ ನಿದರ್ಶನವೊಂದನ್ನು ನೋಡೋಣ. ಗಣಕಯಂತ್ರದ ಪರದೆಯನ್ನು ಸಜ್ಜುಗೊಳಿಸುವ ಕೆಡಿಇ ಎಂಬ ತಂತ್ರಾಂಶವು 1996ರಲ್ಲಿ ಆರಂಭವಾಯಿತು. ಅದು ಆಶ್ರಯಿಸಿದ್ದ ಕ್ಯೂಟಿ ಎಂಬ ಸಂಗ್ರಹದ ಪರವಾನಗಿಯು ಆಗ ಪೂರ್ಣವಾಗಿ ಮುಕ್ತವಾಗಿರಲಿಲ್ಲವೆಂಬ ಕಾರಣದಿಂದ 1997ರಲ್ಲಿ ಗ್ನೋಮ್ ಎಂಬ ಪ್ರತಿಸ್ಪರ್ಧಿಯು ಹುಟ್ಟಿತು. ಈ ಎರಡು ಬಳಗಗಳ ನಡುವೆ ಸಾಮಾನ್ಯ ನೆಲೆಯೊಂದನ್ನು ಕಲ್ಪಿಸಲೆಂದು ಗ್ನೋಮ್ ಪಕ್ಷದವರೇ ಆದ ಹ್ಯಾವಕ್ ಪೆನ್ನಿಂಗ್ಟನ್ 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ವೇದಿಕೆಯನ್ನು ತೆರೆದರು. ಅಲ್ಲಿ ಬೆಳೆದ ಡಿ-ಬಸ್ ಎಂಬುದು ಒಂದು ತಂತ್ರಾಂಶವು ಇನ್ನೊಂದಕ್ಕೆ ಸಂದೇಶ ಕಳುಹಿಸುವ ಸಾಧನ. ಅದರ ರಚನೆಗೆ ಪ್ರೇರಣೆಯಾದುದು ಪ್ರತಿಪಕ್ಷವಾದ ಕೆಡಿಇಯ ಹಳೆಯ ಸಾಧನವೇ. ಅಲ್ಲದೆ ಅದರ ಮೂಲ ಭಾಗವು ಗ್ನೋಮಿನ ಸಂಗ್ರಹವನ್ನಾಗಲಿ ಕೆಡಿಇಯ ಸಂಗ್ರಹವನ್ನಾಗಲಿ ಅವಲಂಬಿಸಲಿಲ್ಲ. ಪರಿಣಾಮವಾಗಿ 2008ರಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ ಕೆಡಿಇಯು ತನ್ನ ಸ್ವಂತ ಸಾಧನವನ್ನು ಕೈಬಿಟ್ಟು ಡಿ-ಬಸ್ಸನ್ನು ಸ್ವೀಕರಿಸಿತು. ವೇದಿಕೆಗೆ ಆಜ್ಞೆ ವಿಧಿಸುವ ಅಧಿಕಾರವಿರಲಿಲ್ಲ; ಸ್ವೀಕರಿಸಿದವರು ಉಪಯೋಗವನ್ನು ಕಂಡು ಸ್ವೀಕರಿಸಿದರು. ಒಂದು ಪಕ್ಷದವನು ಆರಂಭಿಸಿದ ಕಾರ್ಯವೂ ನಿಷ್ಪಕ್ಷವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಇನ್ನು ಕನ್ನಡದ ಕಡೆಗೆ ತಿರುಗೋಣ. 1990ರ ದಶಕದಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ ಮೊದಲಾದ ಮಾರಾಟದ ತಂತ್ರಾಂಶಗಳು ಬಳಕೆಯಲ್ಲಿದ್ದುವು. ಪ್ರತಿಯೊಂದಕ್ಕೂ ತನ್ನದೇ ಆದ ಅಕ್ಷರಸಂಕೇತವಿದ್ದುದರಿಂದ ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿದ್ದಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಜನಸಾಮಾನ್ಯರ ಕೈಗೆ ಕನ್ನಡವನ್ನು ಉಚಿತವಾಗಿ ನೀಡಿದುವು. ಇವುಗಳ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೂ ವಿಮರ್ಶಕನು ಒಂದು ಭೇದವನ್ನು ಗಮನಿಸಲೇಬೇಕು: ಉಚಿತವಾದುದೆಲ್ಲ ಮುಕ್ತವಲ್ಲ. ಉಚಿತವೆಂದರೆ ಬೆಲೆಯಿಲ್ಲದುದು, ಮುಕ್ತವೆಂದರೆ ಅದರ ಆಕರ ಸಂಕೇತವನ್ನು ಯಾರಾದರೂ ಓದಿ, ತಿದ್ದಿ, ಹಂಚಬಹುದಾದುದು. ‘ಬರಹ’ವು ಕಾಲಾಂತರದಲ್ಲಿ ಬೆಲೆಗೆ ದೊರೆಯತೊಡಗಿತು. ‘ನುಡಿ’ಯ ವಿಷಯದಲ್ಲಿ, ಶಿಷ್ಟತೆಯ ಬಗೆಗೆ ಸರ್ಕಾರಕ್ಕೆ ಸಲಹೆ ನೀಡಿದ ಪರಿಷತ್ತೇ ಆ ಶಿಷ್ಟತೆಯ ತಂತ್ರಾಂಶವನ್ನೂ ಸಿದ್ಧಪಡಿಸಿತು. ಇದರಲ್ಲಿ ದುರುದ್ದೇಶವಿದ್ದಿತೆಂದು ನಾವು ಹೇಳುತ್ತಿಲ್ಲ. ಆದರೆ ಅಳತೆಗೋಲನ್ನು ಗೊತ್ತುಮಾಡುವವನೂ ಬಟ್ಟೆ ನೇಯುವವನೂ ಒಬ್ಬನೇ ಆದಲ್ಲಿ ಇತರ ನೇಕಾರರಿಗೆ ಸಂಶಯ ಹುಟ್ಟುವುದು ಸಹಜ. ಎರಡು ಬಳಗಗಳ ನಡುವೆ ಎದ್ದ ವಿವಾದದ ಸರಿತಪ್ಪುಗಳಿಗಿಂತ ಈ ವ್ಯವಸ್ಥೆಯ ದೋಷವೇ ನಮಗೆ ಮುಖ್ಯವಾಗಿ ತೋರುತ್ತದೆ.

ಇದೇ ಕಾಲದಲ್ಲಿ ಯಾರ ಸ್ವತ್ತೂ ಆಗದೆ ಉಳಿದುವು ಯಾವುವು? ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆಯ ವಿನ್ಯಾಸ ಒಂದು. ಅದನ್ನು ಸರ್ಕಾರವೂ ಸ್ವೀಕರಿಸಿತು, ಸ್ಪರ್ಧಿಗಳೂ ಬಳಸಿದರು. ಇನ್ನೊಂದು ಯೂನಿಕೋಡ್. ಭಾರತ ಸರ್ಕಾರದ ಇಸ್ಕಿ ಸಂಕೇತದ ಕ್ರಮವನ್ನನುಸರಿಸಿದ ಇದರಲ್ಲಿ ಕನ್ನಡಕ್ಕೂ ದೇವನಾಗರಿಗೂ 128 ಸ್ಥಾನಗಳ ಒಂದೊಂದು ವಿಭಾಗವಿದೆ. ಎರಡರಲ್ಲಿಯೂ ‘ಕ’ಕಾರವು 22ನೆಯ ಸ್ಥಾನದಲ್ಲಿಯೇ ಇದೆ. ಗಡಿಯಲ್ಲಿ ಪರಸ್ಪರ ಎದುರಾಗಿ ನಿಲ್ಲಿಸಲ್ಪಟ್ಟ ಲಿಪಿಗಳೆರಡು ಇಲ್ಲಿ ಒಂದೇ ಕ್ರಮದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವುದು ಗಮನಾರ್ಹ. 2014ರಲ್ಲಿ ಮೋಡಿಗೂ ಅಲ್ಲಿ ಸ್ಥಾನ ದೊರೆಯಿತು. ಯೂನಿಕೋಡಿನ ಆಡಳಿತದಲ್ಲಿ ದೊಡ್ಡ ಕಂಪನಿಗಳ ಪ್ರಭಾವವಿದೆಯೆಂಬ ಆಕ್ಷೇಪವು ನಿರಾಧಾರವಲ್ಲ. ಆದರೆ ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ. ಒಮ್ಮೆ ಕೊಟ್ಟ ಅಕ್ಷರಸ್ಥಾನವನ್ನು ಬದಲಿಸುವುದಿಲ್ಲವೆಂಬ ನಿಯಮವೂ ಅದಕ್ಕುಂಟು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಕಪಾಟಿನಲ್ಲಿದ್ದರೂ ಓದಲಾಗದಂತಾಗುವ ಅಪಾಯವನ್ನು ನೆನೆದರೆ ಈ ನಿಯಮದ ಬೆಲೆ ತಿಳಿಯುತ್ತದೆ.

ಈ ಅಳತೆಗಳನ್ನು ನಮ್ಮ ತಾಲ್ಲೂಕುಗಳಿಗೆ ಅನ್ವಯಿಸಿದರೆ ಆರಂಭಿಸಬೇಕಾದ ಕಾರ್ಯವು ತಾನಾಗಿ ಗೋಚರಿಸುತ್ತದೆ. ಅದು ಗ್ರಾಮನಾಮಗಳ ಒಂದು ಮುಕ್ತ ಕೋಶ. ಚಿಕ್ಕೋಡಿಯೋ ಚಿಕೋಡಿಯೋ, ನಿಪ್ಪಾಣಿಯೋ ನಿಪಾಣಿಯೋ ಎಂಬ ಒಂದು ಒತ್ತಕ್ಷರದಲ್ಲಿ ಇಲ್ಲಿಯ ರಾಜಕೀಯವೆಲ್ಲ ಅಡಗಿದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ನೀಡಿದರೂ ವಿವಾದ ಮುಗಿಯಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಗ್ರಾಮನಾಮಕೋಶವು ಈ ವಿವಾದವನ್ನು ತೀರ್ಮಾನಿಸಬೇಕಾಗಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಒಂದೇ ಊರಿಗೆ ಕನ್ನಡದ ಹೆಸರು, ಮರಾಠಿಯ ಹೆಸರು ಎಂದು ಬೇರೆ ಬೇರೆ ಅಂಕಣಗಳಿವೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಿಲ್ಲ. ನಮ್ಮ ಕೋಶವೂ ಆಯಾ ರೂಪವು ಯಾವ ವರ್ಷದ ಯಾವ ಪತ್ರದಲ್ಲಿ, ಯಾವ ಲಿಪಿಯಲ್ಲಿ ದೊರೆಯಿತೆಂಬುದನ್ನು ದಾಖಲಿಸಿದರೆ ಸಾಕು. ಯಾವುದು ಶುದ್ಧರೂಪವೆಂಬ ತೀರ್ಪು ಅದರ ಕೆಲಸವಲ್ಲ.

ಒಡೆಯನಿಲ್ಲದ ಹೊಲಕ್ಕೆ ಗೊಬ್ಬರ ಹಾಕುವವರಾರು ಎಂದು ಕೆಲವರು ಕೇಳಿಯಾರು. ಈ ಆಕ್ಷೇಪದಲ್ಲಿ ತಥ್ಯವಿದೆ. ನಿಷ್ಪಕ್ಷ ಕಾರ್ಯಗಳು ಕಲಹದಿಂದ ಕೆಡುವುದಕ್ಕಿಂತ ದುಡಿಯುವ ಕೈಗಳಿಲ್ಲದೆ ಸೊರಗುವುದೇ ಹೆಚ್ಚು. ಆದುದರಿಂದಲೇ ಕಾರ್ಯವು ಚಿಕ್ಕದಾಗಿರಬೇಕು, ಎರಡು ಪಕ್ಷಗಳಿಗೂ ನಿತ್ಯದ ಅಗತ್ಯವಾಗಿರಬೇಕು. ಊರ ಹೆಸರು ಅಂತಹ ಅಗತ್ಯ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೂ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿಯೂ ಈ ಕೋಶದ ಒಂದೊಂದು ಪೂರ್ಣ ಪ್ರತಿ ಇರಲಿ. ಎರಡಕ್ಕೂ ಒಂದೇ ಮುಕ್ತ ಪರವಾನಗಿ ಇರಲಿ. ಮನಸ್ತಾಪ ಬಂದಲ್ಲಿ ಯಾರಾದರೂ ತಮ್ಮ ಪ್ರತಿಯನ್ನು ಪ್ರತ್ಯೇಕವಾಗಿ ಮುಂದುವರಿಸುವ ಹಕ್ಕು ಮೊದಲ ದಿನವೇ ಲಿಖಿತವಾಗಲಿ. ಹೊರಡುವ ಬಾಗಿಲು ತೆರೆದಿದೆಯೆಂದು ಬಲ್ಲವನೇ ನಿಶ್ಚಿಂತೆಯಿಂದ ಒಳಗೆ ಕುಳಿತು ದುಡಿಯುವನು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಹೆಸರಿನಿಂದಲೇ ಈ ಕೆಲಸವನ್ನು ಆರಂಭಿಸಬಹುದಾಗಿದೆ.