ರೂಪದ ಕರಾರು ಮತ್ತು ಅರ್ಥದ ಕರಾರು

ಭಾಷಾ ಮಾದರಿಯು ಕೊಡುವುದು ಪಠ್ಯವನ್ನು. ಜಾವಾ ಪ್ರೋಗ್ರಾಂ ಬಯಸುವುದು ಬಗೆ ಗೊತ್ತಾದ ದತ್ತಾಂಶವನ್ನು. ಈ ಅಂತರವನ್ನು ಕಳೆಯಲು ಮಾದರಿಗೆ ಒಪ್ಪಿಸುವ ಹಾಗೂ ಅದರಿಂದ ಪಡೆಯುವ ದತ್ತಾಂಶಗಳ ಬಗೆಯನ್ನು, ಎಂದರೆ ಟೈಪನ್ನು, ಮೊದಲೇ ಕರಾರಾಗಿ ಗೊತ್ತುಪಡಿಸುವ ಪದ್ಧತಿ ಈಗ ರೂಢಿಗೆ ಬಂದಿದೆ. ಅದರ ಗುಣದೋಷಗಳನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. 2021ರಲ್ಲಿ ಬಂದ ಜಾವಾ 16ರಿಂದ ರೆಕಾರ್ಡ್ ಎಂಬ ರಚನೆ ಆ ಭಾಷೆಯ ಸ್ಥಿರವಾದ ಅಂಗವಾಗಿದೆ. ಸ್ಪ್ರಿಂಗ್ ಎಐ ಎಂಬ ಸಾಧನವು ಇಂಥ ರೆಕಾರ್ಡಿನಿಂದ ಜೇಸನ್ ಸ್ಕೀಮಾವನ್ನು ರಚಿಸಿ ಸೂಚನೆಯೊಡನೆ ಮಾದರಿಗೆ ಕಳುಹಿಸುತ್ತದೆ; ಬಂದ ಉತ್ತರವನ್ನು ಮರಳಿ ಅದೇ ರೆಕಾರ್ಡಿಗೆ ಇಳಿಸುತ್ತದೆ. ಲ್ಯಾಂಗ್‌ಚೈನ್‌ಫೋರ್‌ಜೆಯಲ್ಲಿ ಇಂಟರ್‌ಫೇಸಿನ ಮೆಥಡ್ ಹಿಂದಿರುಗಿಸುವ ಟೈಪೇ ಕರಾರಾಗುತ್ತದೆ. ಆಕಾರಗೆಟ್ಟ ಉತ್ತರವನ್ನು ಇವು ಬಾಗಿಲಲ್ಲಿಯೇ ತಡೆಯುತ್ತವೆ. ಇದು ಸಣ್ಣ ಲಾಭವಲ್ಲ.

ಆದರೆ ರೂಪವು ಸರಿಯಾದ ಮಾತ್ರಕ್ಕೆ ಅರ್ಥವು ಸರಿಯಾಗುವುದಿಲ್ಲ. ಶಾಸನಪಾಠವೊಂದರಿಂದ ಅದು ಹೇಳುವ ಶಕವರ್ಷವನ್ನು ಆಯ್ದು ಕೊಡುವ ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಶಾಸನವು ಶಕ 465 ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಲ್ಮಿಡಿ ಶಾಸನದಲ್ಲಾದರೋ ವರ್ಷದ ಉಲ್ಲೇಖವೇ ಇಲ್ಲ, ಸುಮಾರು ಕ್ರಿ.ಶ. 450 ಎಂಬುದು ವಿದ್ವಾಂಸರ ನಿರ್ಣಯ. ವರ್ಷದ ಅಂಕಣವನ್ನು ಇಂಟ್ ಎಂದು ಘೋಷಿಸಿದರೆ ಅಲ್ಲಿ ಸಂಖ್ಯೆಗಲ್ಲದೆ ಬೇರೊಂದಕ್ಕೆ ಎಡೆಯಿಲ್ಲ. ಮಾದರಿಯು ಯಾವುದೋ ಸಂಖ್ಯೆಯನ್ನು ತುಂಬಿದರೆ ಟೈಪು ಅದನ್ನು ಒಪ್ಪುತ್ತದೆ, ಓದುಗನು ಅದನ್ನು ಶಾಸನದ ಮಾತೆಂದೇ ನಂಬುತ್ತಾನೆ. ಇಲ್ಲಿ ಸುಳ್ಳಿಗೆ ಎಡೆಮಾಡಿಕೊಟ್ಟದ್ದು ಕರಾರೇ.

1969ರಲ್ಲಿ ಟೋನಿ ಹೋರ್ ಪ್ರತಿಪಾದಿಸಿದ ತರ್ಕವನ್ನು ಇಲ್ಲಿ ಸ್ಮರಿಸಬೇಕು. ಪ್ರೋಗ್ರಾಮಿನ ಮುನ್ನ ಯಾವುದು ನಿಜವಾಗಿರಬೇಕು, ಅನಂತರ ಯಾವುದು ನಿಜವಾಗಿರುತ್ತದೆ ಎಂಬೆರಡನ್ನೂ ಅದು ಒಟ್ಟಾಗಿ ಹೇಳುತ್ತದೆ. ಈಗಿನ ಅನೇಕ ಕರಾರುಗಳು ಫಲದ ಆಕಾರವನ್ನಷ್ಟೇ ವಿವರಿಸುತ್ತವೆ. ಕೊಟ್ಟ ಪಾಠಕ್ಕೂ ಬಂದ ಫಲಕ್ಕೂ ಇರಬೇಕಾದ ಸಂಬಂಧವನ್ನು ಹೇಳುವುದಿಲ್ಲ.

ಪರಿಹಾರವು ಜಾವಾದಲ್ಲಿಯೇ ಉಂಟು. ಫಲವನ್ನು ಸೀಲ್ಡ್ ಇಂಟರ್‌ಫೇಸ್ ಮಾಡಿ ಅದರಡಿಯಲ್ಲಿ ಎರಡೇ ರೆಕಾರ್ಡುಗಳನ್ನಿಡಬಹುದು: ಒಂದು, ಶಕವರ್ಷವನ್ನೂ ಅದಕ್ಕೆ ಆಧಾರವಾದ ಪಾಠದ ಸಾಲನ್ನೂ ಹೊತ್ತದ್ದು, ಇನ್ನೊಂದು, ವರ್ಷದ ಉಲ್ಲೇಖವಿಲ್ಲವೆಂದು ಸಾರುವುದು. 2023ರ ಜಾವಾ 21ರಿಂದೀಚೆಗೆ ಇಂಥ ಫಲವನ್ನು ಸ್ವಿಚ್ಚಿನಲ್ಲಿ ಬಗೆಯರಿತು ಬಿಡಿಸುವಾಗ ಎರಡು ಪಕ್ಷಗಳಲ್ಲಿ ಒಂದನ್ನು ಮರೆತರೂ ಕಂಪೈಲರ್ ಒಪ್ಪುವುದಿಲ್ಲ. ಆಧಾರದ ಸಾಲು ಮೂಲಪಾಠದಲ್ಲಿ ಇದೆಯೇ ಎಂಬುದನ್ನು ಪ್ರೋಗ್ರಾಮೇ ಪರೀಕ್ಷಿಸಬಹುದು. ಶಕ 465ಕ್ಕೆ 78 ಕೂಡಿಸಿ ಕ್ರಿ.ಶ. 543 ಎಂದು ಎಣಿಸುವ ಕೆಲಸವನ್ನೂ ಮಾದರಿಗೆ ಬಿಡದೆ ಜಾವಾಕ್ಕೇ ವಹಿಸುವುದು ಲೇಸು.

ಇಷ್ಟಾದರೂ ಆ ಸಾಲಿನ ಅರ್ಥವನ್ನು ಮಾದರಿಯು ಸರಿಯಾಗಿ ಗ್ರಹಿಸಿತೆಂಬ ಭರವಸೆಯಿಲ್ಲ. ಅದನ್ನು ತೀರ್ಮಾನಿಸಬೇಕಾದವನು ವಿಷಯವನ್ನು ಬಲ್ಲ ಓದುಗನೇ. ಆದುದರಿಂದ ಟೈಪಿನ ಕರಾರನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗ, ಅದು ಏನನ್ನು ಖಾತರಿಮಾಡುತ್ತದೆ ಎಂಬುದರೊಡನೆ ಏನನ್ನು ಮಾಡುವುದಿಲ್ಲ ಎಂಬುದನ್ನೂ ಬೋಧಿಸಬೇಕೆಂಬುದು ನಮ್ಮ ಅಭಿಮತ.