ಬಾಂದ್ರಾದ ಮಾಲೀಕರು, ಬೆಂಗಳೂರಿನ ತಂಡ

ನನ್ನ ತಂಗಿಯ ಮಗ ಹುಟ್ಟಿದ್ದು, ಬೆಳೆದದ್ದು ಎಲ್ಲ ಡೊಂಬಿವಲಿಯಲ್ಲಿ. ಮುಂಬಯಿ ಸಿಟಿ ತಂಡದ ಕಟ್ಟಾ ಅಭಿಮಾನಿ. ನಾನು ಬೆಂಗಳೂರು ಎಫ್‌ಸಿ ಕಡೆಯವನು. ನಮ್ಮಿಬ್ಬರ ಜಗಳದಲ್ಲಿ ಅವನ ಹತ್ತಿರ ಒಂದು ಅಸ್ತ್ರ ಸದಾ ರೆಡಿ ಇರುತ್ತೆ. "ಮಾಮಾ, ನಿಮ್ಮ ಟೀಮಿನ ಮಾಲೀಕರ ಆಫೀಸು ನಮ್ಮ ಬಾಂದ್ರಾದಲ್ಲೇ ಇದೆಯಲ್ಲ, ಮತ್ತೆ ಅದು ಬೆಂಗಳೂರಿನ ಟೀಮ್ ಹೆಂಗಾಯ್ತು?" ನಾನೂ ಬಿಡೋದಿಲ್ಲ. 2019ರ ನವೆಂಬರಿನಲ್ಲಿ ನಿನ್ನ ತಂಡದ 65 ಶೇಕಡಾ ಪಾಲನ್ನು ಮ್ಯಾಂಚೆಸ್ಟರ್ ಸಿಟಿಯ ಮಾಲೀಕರು ಕೊಂಡುಕೊಂಡರಲ್ಲ, ಅವರೇನು ದಾದರಿನವರಾ ಅಂತ ಕೇಳ್ತೇನೆ. ಅಲ್ಲಿಗೆ ಇಬ್ಬರೂ ಚಹಾ ಕುಡೀತೇವೆ.

ತಮಾಷೆ ಬದಿಗಿರಲಿ, ಹುಡುಗನ ಮಾತು ಸುಳ್ಳಲ್ಲ. ಜೆಎಸ್‌ಡಬ್ಲ್ಯು ಕಂಪನಿಯ ಕೇಂದ್ರ ಕಚೇರಿ ಇರೋದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಅದರ ದೊಡ್ಡ ಉಕ್ಕಿನ ಕಾರ್ಖಾನೆ ಇರೋದು ತೋರಣಗಲ್ಲಿನಲ್ಲಿ. ನಾನು ಆ ಕಡೆಯವನು. ಕೆಂಪು ಧೂಳಿನಲ್ಲಿ ಆಡಿ ಬೆಳೆದು, ಕೆಲಸಕ್ಕೆ ಅಂತ ಮುಂಬಯಿಗೆ ಬಂದು, ಆ ಕಟ್ಟಡದ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗೆಲ್ಲ ಒಂದು ಯೋಚನೆ ಬರುತ್ತೆ: ನಮ್ಮ ಮಣ್ಣಿನ ದುಡ್ಡು ಇಲ್ಲಿಗೆ ಬಂದು, ಇಲ್ಲಿಂದ ಬೆಂಗಳೂರಿಗೆ ಹೋಗಿ ಫುಟ್‌ಬಾಲ್ ತಂಡ ಆಯ್ತು. ಇದರಲ್ಲಿ ನನ್ನ ಪಾಲು ಎಷ್ಟು?

ಹಾಗಂತ ಮಾಲೀಕರನ್ನ ಬಯ್ಯೋದಕ್ಕೆ ಮೊದಲು ಕೊಡಬೇಕಾದ್ದನ್ನ ಕೊಡಬೇಕು. ಬೆಂಗಳೂರಿನ ಫುಟ್‌ಬಾಲು ಇವರಿಂದ ಶುರುವಾದದ್ದಲ್ಲ. ಇದೇ ಮುಂಬಯಿಗೆ ಬಂದು 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಎತ್ತಿಕೊಂಡು ಹೋದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳು ದೇಶಕ್ಕೆ ಆಟಗಾರರನ್ನ ಕೊಟ್ಟವು. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಹುಡುಗರಿಗೆ ನೌಕರಿ ಕೊಟ್ಟು ಆಡಿಸಿದವು. ಐ-ಲೀಗಿನಿಂದ ಎಚ್‌ಎಎಲ್ ಕೆಳಗಿಳಿದ ಮೇಲೆ ಊರು ಬರಿದಾಗಿತ್ತು. 2013ರಲ್ಲಿ ಹೊಸ ತಂಡ ಬಂತು. ನಗರದ ಹೆಸರು ಸರ್ಕಾರಿ ಕಾಗದದಲ್ಲಿ ಇನ್ನೂ ಬ್ಯಾಂಗಲೋರ್ ಅಂತ ಇದ್ದಾಗಲೇ ಅದು 'ಬೆಂಗಳೂರು' ಅಂತ ಹೆಸರಿಟ್ಟುಕೊಂಡಿತು. ಸಣ್ಣ ಮಾತು ಅನ್ನಿಸಬಹುದು, ಹೊರಗೆ ಇರೋ ನಮಗೆ ಸಣ್ಣದಾಗಿರಲಿಲ್ಲ.

ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲಿಗೆ ಹೋದ ಮೊದಲ ಭಾರತೀಯ ತಂಡ ಆಯ್ತು. ದೋಹಾದಲ್ಲಿ ಇರಾಕಿನ ವಾಯುಸೇನೆ ತಂಡಕ್ಕೆ 1-0ಯಿಂದ ಸೋತರೂ ಯಾರೂ ತಲೆ ತಗ್ಗಿಸಲಿಲ್ಲ. 2019ರ ಮಾರ್ಚ್ 17ರಂದು ಅಂಧೇರಿಯಲ್ಲಿ ಐಎಸ್‌ಎಲ್ ಫೈನಲ್. ನಾನೂ ಹೋಗಿದ್ದೆ. ಸುತ್ತ ಗೋವಾದವರೇ, ಬೇಕಾದಷ್ಟು ಗದ್ದಲ. ಹೆಚ್ಚುವರಿ ಸಮಯದ ಕೊನೆಗೆ, 117ನೇ ನಿಮಿಷದಲ್ಲಿ, ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. ಮುಂಬಯಿ ಹುಡುಗ, ಮುಂಬಯಿಯಲ್ಲಿ, ಬೆಂಗಳೂರಿಗೆ ಕಪ್ ಗೆದ್ದುಕೊಟ್ಟ. ಪಕ್ಕದಲ್ಲಿದ್ದ ಅಪರಿಚಿತನನ್ನ ನಾನು ತಬ್ಬಿಕೊಂಡುಬಿಟ್ಟೆ. ಅವನು ಗೋವಾದವನಾಗಿರಲಿಲ್ಲ, ಪುಣ್ಯ.

ಅಲ್ಲಿಂದಾಚೆಗೆ ಇಳಿಜಾರು. ನನ್ನ ಲೆಕ್ಕದಲ್ಲಿ ತಪ್ಪು ಶುರುವಾದದ್ದು ಮಿಕು ಹೋದಾಗ. 2017-18ರಲ್ಲಿ 15 ಗೋಲು ಹೊಡೆದ ಆ ವೆನೆಜುವೆಲಾದವನ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರನ್ನ ತಂದು ನೋಡಿದರು. ಹೊಂದಿಕೊಂಡವನು ಕ್ಲೀಟನ್ ಸಿಲ್ವಾ ಒಬ್ಬನೇ, ಅವನನ್ನೂ 2022ರಲ್ಲಿ ಬಿಟ್ಟರು. ಅವನು ಈಸ್ಟ್ ಬೆಂಗಾಲಿಗೆ ಹೋಗಿ ಮೊದಲ ಸೀಸನ್ನಿನಲ್ಲೇ 12 ಗೋಲು ಹೊಡೆದ. ತರಬೇತುದಾರರ ಕಥೆಯೂ ಹಾಗೇ. ವೆಸ್ಟ್‌ವುಡ್ ಮೂರು ವರ್ಷ ಇದ್ದರು, ರೋಕಾ ಎರಡು. ರೋಕಾ ಜೊತೆಗಿದ್ದ ಕ್ವಾದ್ರಾತ್‌ಗೇ ತಂಡ ಕೊಟ್ಟದ್ದರಿಂದ ಆಟದ ರೀತಿ ಕೈಯಿಂದ ಕೈಗೆ ದಾಟಿತು. 2021ರ ಜನವರಿಯಲ್ಲಿ ಅವರನ್ನ ಕಳಿಸಿದ ಮೇಲೆ ಒಬ್ಬ ಜರ್ಮನ್, ಆಮೇಲೆ ಒಬ್ಬ ಇಂಗ್ಲಿಷಿನವ, ಮತ್ತೆ ಒಬ್ಬ ಸ್ಪೇನಿನವ. ಪ್ರತಿಯೊಬ್ಬನೂ ಮನೆ ಕೆಡವಿ ಮತ್ತೆ ಕಟ್ಟಿದ. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಮುಂದಿನ ವರ್ಷ ಫೈನಲಿಗೆ ಬಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನಿಗೆ 2-1ರಲ್ಲಿ ಸೋತರು, ಸರಿ. ಆದರೆ ಆ ಸೀಸನ್ನಿನಲ್ಲಿ 14 ಗೋಲು ಹೊಡೆದವರು ಯಾರು? ನಲವತ್ತು ವಯಸ್ಸಿನ ಸುನಿಲ್ ಛೆಟ್ರಿ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಹನ್ನೆರಡು ವರ್ಷದಲ್ಲಿ ಅವರ ನಂತರದವನನ್ನ ಬೆಳೆಸಲಾಗಲಿಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳಲಿಲ್ಲ.

2023ರ ಮಾರ್ಚ್ 3ಕ್ಕೆ ಕಂಠೀರವದಲ್ಲಿ ಛೆಟ್ರಿ ಬೇಗನೆ ಫ್ರೀಕಿಕ್ ಹೊಡೆದು, ಕೇರಳದವರು ಸಿಟ್ಟಾಗಿ ಮೈದಾನ ಬಿಟ್ಟು ಹೋದರಲ್ಲ, ದೇಶವೆಲ್ಲ ಅದರದ್ದೇ ಮಾತು. ಮರುದಿನ, ಮಾರ್ಚ್ 4ಕ್ಕೆ, ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಇಲ್ಲಿನ ನಮ್ಮ ಕನ್ನಡ ಗೆಳೆಯರಲ್ಲಿ ಎಷ್ಟೋ ಮಂದಿಗೆ ಅದು ಗೊತ್ತೇ ಆಗಲಿಲ್ಲ. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಶಂಕರ್ ಸಂಪಂಗಿರಾಜ್‌ನಂಥವರು ನೀಲಿ ಅಂಗಿಯಲ್ಲಿ ಕಾಣ್ತಿದ್ದರು. ಆಮೇಲೆ ಊರಿನ ಹುಡುಗರನ್ನ ಹುಡುಕಬೇಕಾಯ್ತು. ಆದರೆ ಈ ವಾದವನ್ನ ಹೆಚ್ಚು ಎಳೆಯೋಕೆ ನನಗೆ ನಾಚಿಕೆ. ರಿಯಾದ್‌ನಲ್ಲಿ ಕರ್ನಾಟಕಕ್ಕೆ ಗೋಲು ಹೊಡೆದವರಲ್ಲಿ ಒಬ್ಬ ಯಾದವ್, ಒಬ್ಬ ಓರಮ್. ಅವರೂ ಕೆಲಸ ಹುಡುಕಿ ಊರು ಬಿಟ್ಟವರು, ನನ್ನ ಹಾಗೆ. ಮುಂಬಯಿಯಲ್ಲಿ ಕೂತು 'ಹೊರಗಿನವರು' ಅನ್ನೋ ಪದ ಬಳಸುವಾಗ ನಾಲಿಗೆ ತಡವರಿಸುತ್ತೆ.

ನಿಜವಾದ ಪೆಟ್ಟು ಬಿದ್ದದ್ದು 2025ರಲ್ಲಿ. ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರಿಗೆ ಮುಗಿಯೋದಿತ್ತು, ಹೊಸದಾಗಿರಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದೇವೆ ಅಂತ ಪ್ರಕಟಣೆ ಕೊಟ್ಟಿತು. ಲೀಗೇ ಇಲ್ಲದಾಗ ಅವರೇನು ಮಾಡ್ಬೇಕಿತ್ತು ಅಂತ ಕೇಳಬಹುದು. ಫೆಡರೇಶನ್ನಿನ ತಪ್ಪು ದೊಡ್ಡದು, ಒಪ್ಪುತ್ತೇನೆ. ಆದರೂ ಎಚ್‌ಎಎಲ್ ಕಾಲದಲ್ಲಿ ಪಂದ್ಯ ಇರಲಿ ಬಿಡಲಿ ಆಟಗಾರನಿಗೆ ತಿಂಗಳ ಸಂಬಳ ಬರ್ತಿತ್ತು, ಯಾಕಂದ್ರೆ ಅವನು ಆ ಕಾರ್ಖಾನೆಯ ನೌಕರ. ವೃತ್ತಿಪರತೆ ಅಂತ ನಾವು ಹೊಗಳಿದ್ದು ಒಂದು ಕೋಣೆಯಲ್ಲಿ ಒಂದು ತೀರ್ಮಾನ ಆಗುವಷ್ಟರಲ್ಲಿ ನಿಂತುಹೋಯ್ತು. ವೆಸ್ಟ್ ಬ್ಲಾಕ್‌ನಲ್ಲಿ ಹತ್ತು ವರ್ಷ ಗಂಟಲು ಹರಿದುಕೊಂಡವರನ್ನ ಆ ಕೋಣೆಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಜರ್ಮನಿಯಲ್ಲಿ ಬಹುಪಾಲು ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಲಿರಬೇಕು ಅನ್ನೋ ನಿಯಮ ಇದೆ. ಅಷ್ಟು ಬೇಡ, ಒಂದು ಕುರ್ಚಿ ಕೊಟ್ಟಿದ್ದರೂ ಸಾಕಿತ್ತು.

ಆ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನವರು ಮುಂಬಯಿ ಸಿಟಿಯ ಪಾಲು ಬಿಟ್ಟು ಹೊರಟರು. ತಂಗಿಯ ಮಗ ರಾತ್ರಿ ಫೋನ್ ಮಾಡಿದ. ಜಗಳಕ್ಕೆ ಅಂದ್ಕೊಂಡೆ. "ಮಾಮಾ, ನಿಮ್ಮವರೂ ಬಿಟ್ಟು ಹೋದ್ರೆ ನೀವೇನ್ಮಾಡ್ತೀರಿ?" ಅಂದ. ಅಂಧೇರಿಯ ಆ ಫೈನಲಿನ ಟಿಕೆಟ್ಟು ನನ್ನ ಪಾಸ್‌ಬುಕ್ಕಿನ ಒಳಗೇ ಇದೆ ಅಂತ ಹೇಳಿದೆ. ಅವನಿಗೆ ಅದು ಉತ್ತರ ಅನ್ನಿಸಲಿಲ್ಲ. ಭಾನುವಾರ ಮನೆಗೆ ಬಾ, ಮಾತಾಡೋಣ ಅಂದೆ.