ಬಸ್ಸಿಗೆ ವೇಗ ಬಂತು, ರಸ್ತೆ ದಾಟುವವರಿಗೆ?

ಹುಬ್ಬಳ್ಳಿ-ಧಾರವಾಡ ನಡುವಿನ ಬಿ.ಆರ್.ಟಿ.ಎಸ್., ಅಂದರೆ ತ್ವರಿತ ಬಸ್ ಸಾರಿಗೆ ವ್ಯವಸ್ಥೆಯ ಬಗ್ಗೆ ನೀವು ಎರಡು ಬಗೆಯ ಮಾತು ಕೇಳಿರುತ್ತೀರಿ. ಒಂದು, ಮೆಚ್ಚುಗೆ. ಇನ್ನೊಂದು, ಬಸ್ಸಿಗೆ ಮೀಸಲಾದ ಪಥ ಸದಾ ಖಾಲಿ ಬಿದ್ದಿರುತ್ತದೆ, ಅದನ್ನು ಎಲ್ಲ ವಾಹನಗಳಿಗೂ ಬಿಡಿ ಎಂಬ ಒತ್ತಾಯ. ಎರಡನ್ನೂ ಪಿ.ಯು.ಸಿ. ಮಟ್ಟದ ಭೌತವಿಜ್ಞಾನದಿಂದಲೇ ಪರೀಕ್ಷಿಸಬಹುದು.

ಹಳೆಯ ಪಿ.ಬಿ. ರಸ್ತೆಯನ್ನು ಅಗಲಗೊಳಿಸಿ, ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೂ ಬಸ್ ಪಥ ನಿರ್ಮಿಸಲಾಯಿತು. 2018ರ ಅಕ್ಟೋಬರ್‌ನಲ್ಲಿ 'ಚಿಗರಿ' ಬಸ್ಸುಗಳ ಪ್ರಾಯೋಗಿಕ ಸಂಚಾರ ಆರಂಭವಾಯಿತು. 2020ರ ಫೆಬ್ರುವರಿಯಲ್ಲಿ ಔಪಚಾರಿಕ ಉದ್ಘಾಟನೆ ನಡೆಯಿತು.

ಮೊದಲು 'ಖಾಲಿ ಪಥ'ದ ದೂರನ್ನು ನೋಡೋಣ. 12 ಮೀ. ಉದ್ದದ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಮ್ಮೆದುರು ಹಾದುಹೋಗಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ನಿಮಿಷಕ್ಕೊಂದು ಬಸ್ಸು ಬಂದರೂ ಉಳಿದ 58 ಸೆಕೆಂಡು ಆ ಪಥ ಬರಿದಾಗಿಯೇ ಕಾಣುತ್ತದೆ. ಆದರೆ ಬಸ್ಸಿಗೆ 60 ಮಂದಿಯಂತೆ ಗಂಟೆಗೆ 3600 ಜನ ಸಾಗಿರುತ್ತಾರೆ. ಪಕ್ಕದ ಪಥದಲ್ಲಿ ಎರಡು ಸೆಕೆಂಡಿಗೊಂದು ಕಾರು, ಕಾರಿಗೆ ಸರಾಸರಿ ಒಂದೂವರೆ ಜನ ಎಂದಿಟ್ಟುಕೊಳ್ಳಿ: 2700. ಸಿಗ್ನಲ್‌ಗಳು ಅರ್ಧ ಸಮಯವನ್ನು ನುಂಗಿದರೆ 1350. ಕಣ್ಣಿಗೆ ಕಾಣುವುದು ಸಾಂದ್ರತೆ. ನಮಗೆ ಬೇಕಾದದ್ದು ಪ್ರವಾಹ, ಅಂದರೆ ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ. ದೂರುವವರು ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಹಾಗೆಂದು ದೂರು ಪೂರ್ತಿ ಪೊಳ್ಳಲ್ಲ. ಐದು ನಿಮಿಷಕ್ಕೊಂದು ಬಸ್ಸಾದರೆ ಗಂಟೆಗೆ ಸಾಗುವವರು 720 ಮಂದಿ ಮಾತ್ರ. ಮೀಸಲು ಪಥ ತನ್ನ ಜಾಗಕ್ಕೆ ನ್ಯಾಯ ಒದಗಿಸಬೇಕಾದರೆ ಮೇಲಿನ ಲೆಕ್ಕದಂತೆ ಎರಡೂವರೆ ನಿಮಿಷಕ್ಕೊಂದಾದರೂ ತುಂಬಿದ ಬಸ್ಸು ಓಡಬೇಕು. ಪಥವನ್ನು ಉಳಿಸಿಕೊಳ್ಳಲು ಹೆಚ್ಚು ಬಸ್ಸು ಬಿಡುವುದೇ ದಾರಿ, ಭಾಷಣವಲ್ಲ. ದೆಹಲಿಯಲ್ಲಿ 2008ರಲ್ಲಿ ತೆರೆದ ಇಂಥದೇ ಪಥವನ್ನು 2016ರಲ್ಲಿ ಕಿತ್ತುಹಾಕಿದ್ದನ್ನು ಮರೆಯಬಾರದು.

ನನ್ನ ಮುಖ್ಯ ಆಕ್ಷೇಪಣೆ ಬೇರೆ. ನಿಲ್ದಾಣಗಳು ರಸ್ತೆಯ ನಡುವೆ ಇವೆ. ಪ್ರತಿ ಪ್ರಯಾಣಿಕನೂ ಹತ್ತುವ ಮೊದಲು, ಇಳಿದ ಮೇಲೆ ಅರ್ಧ ರಸ್ತೆ ದಾಟಲೇಬೇಕು. ಎರಡು ಪಥಗಳ ಅಗಲ ಸುಮಾರು 7 ಮೀ. ಸೆಕೆಂಡಿಗೆ 1.2 ಮೀ. ನಡೆಯುವ ವಿದ್ಯಾರ್ಥಿಗೆ ಆರು ಸೆಕೆಂಡು ಬೇಕು, 0.8 ಮೀ. ನಡೆಯುವ ಅಜ್ಜಿಗೆ ಒಂಬತ್ತು. ಅಷ್ಟರಲ್ಲಿ ಗಂಟೆಗೆ 50 ಕಿ.ಮೀ. ವೇಗದ ವಾಹನ ಸುಮಾರು 125 ಮೀ. ಕ್ರಮಿಸುತ್ತದೆ. ಅಷ್ಟು ದೂರದ ವಾಹನದ ವೇಗವನ್ನು ಕಣ್ಣಳತೆಯಲ್ಲಿ ಅಂದಾಜಿಸುವುದು ಯಾರಿಗೂ ಸುಲಭವಲ್ಲ. ವೇಗವನ್ನು 30ಕ್ಕೆ ಇಳಿಸಿದರೆ ಆ ದೂರ 75 ಮೀ.ಗೆ ಇಳಿಯುತ್ತದೆ, ಚಲನಶಕ್ತಿಯಂತೂ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸುಮಾರು ಮೂರನೇ ಒಂದು ಭಾಗಕ್ಕೆ! ನಿಲ್ದಾಣದ ಮುಂದೆ ರಸ್ತೆಯ ಮಟ್ಟವನ್ನೇ ತುಸು ಎತ್ತರಿಸಿ ದಾಟುದಾರಿ ಮಾಡುವುದಕ್ಕೆ ತಗಲುವ ವೆಚ್ಚ, ಹವಾನಿಯಂತ್ರಿತ ಬಸ್ಸಿನ ಬೆಲೆಯ ಮುಂದೆ ಏನೂ ಅಲ್ಲ.

ಮಳೆನೀರಿನ ವಿಷಯದಲ್ಲೂ ಇದೇ ಕಥೆ. ಧಾರವಾಡದ ಟೋಲ್ ನಾಕಾದಲ್ಲಿ ಮಳೆ ಸುರಿದಾಗ ನೀರು ನಿಂತದ್ದು ಬಹಳ ಸುದ್ದಿಯಾಯಿತು. ನೀರು ಇಳಿಜಾರನ್ನು ಹುಡುಕುತ್ತದೆ, ಯೋಜನಾ ವರದಿಯನ್ನಲ್ಲ.

ಪ್ರಯಾಣದ ಅವಧಿ ಎಂದರೆ ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿನವರೆಗಿನ ಕಾಲ. 22 ಕಿ.ಮೀ. ದೂರವನ್ನು ಸರಾಸರಿ 25ರ ಬದಲು 35 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಉಳಿಯುವುದು ಸುಮಾರು 15 ನಿಮಿಷ. ಅದರಲ್ಲಿ ಎಷ್ಟು ಭಾಗ ರಸ್ತೆ ದಾಟಲು ಕಾಯುವುದರಲ್ಲಿ ಕಳೆದುಹೋಗುತ್ತದೆ? ಇದನ್ನು ಅಳೆಯಲು ಒಂದು ಸ್ಟಾಪ್‌ವಾಚ್ ಸಾಕು. ರಾಯಚೂರಿನ ಶಿಕ್ಷಕರೂ ಇದನ್ನು ಮಾಡಿಸಬಹುದು: ಗುಂಜಹಳ್ಳಿಯಂಥ ಊರಿನಿಂದ ನಗರಕ್ಕೆ ಬರುವ ಮಕ್ಕಳು ಬಸ್ಸಿಳಿದ ಮೇಲೆ ರಸ್ತೆ ದಾಟಲು ಎಷ್ಟು ಸೆಕೆಂಡು ಕಾಯುತ್ತಾರೆಂದು ಒಂದು ವಾರ ಬರೆದಿಡಲಿ. ಬೆಳಿಗ್ಗೆ, ಸಂಜೆಗಳ ಅಂಕಿಗಳನ್ನು ಬೇರೆಬೇರೆಯಾಗಿಯೇ ಇಡಿ. ಸರಾಸರಿಯೊಂದನ್ನೇ ತೆಗೆದರೆ ಎಲ್ಲಕ್ಕಿಂತ ದೀರ್ಘವಾದ ಕಾಯುವಿಕೆ ಅದರಲ್ಲಿ ಮರೆಯಾಗುತ್ತದೆ.